ನೀರಿನ ಮೇಲೆ ಬ್ರೇಕ್ ಇಲ್ಲ: ಎರಡು ಎಂಜಿನ್‌ಗಳ ಯಾಟನ್ನು ಜೆಟ್ಟಿಗೆ ತರುವ ಬಗೆ

(ಬಾಗಲಕೋಟೆಯಲ್ಲಿ ಯುವಜನರು ಮತ್ತು ದೋಣಿ ನಡೆಸುವವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕುಳಿತಿರುವವರಲ್ಲಿ ಬಹಳ ಮಂದಿಗೆ ಟ್ರ್ಯಾಕ್ಟರ್, ಟಂಟಂ, ಲಾರಿ ನಡೆಸಿ ಗೊತ್ತು. ಆ ಕೈಗಳಿಗೆ ಒಂದು ಅಭ್ಯಾಸ ಬೇರೂರಿರುತ್ತದೆ. ಅಪಾಯ ಕಂಡ ಕೂಡಲೇ ಕಾಲು ಬ್ರೇಕ್ ಹುಡುಕುತ್ತದೆ. ಯಾಟಿನ, ಅಂದರೆ ದೊಡ್ಡ ವಿಹಾರ ದೋಣಿಯ, ಚುಕ್ಕಾಣಿ ಹಿಡಿದವರು ಮೊದಲ ದಿನವೇ ಬಿಡಬೇಕಾದ ಅಭ್ಯಾಸ ಅದು. ನೀರಿನ ಮೇಲೆ ಬ್ರೇಕ್ ಇಲ್ಲ. ಎಂಜಿನ್ ಆರಿಸಿದರೂ ದೋಣಿ ಸಾಗುತ್ತಲೇ ಇರುತ್ತದೆ. ನಿಂತ ಮೇಲೂ ಅದು ಪೂರ್ತಿ ನಿಂತಿರುವುದಿಲ್ಲ. ಗಾಳಿ ಒಂದು ಕಡೆಗೆ ದೂಡುತ್ತದೆ, ಸೆಳವು ಇನ್ನೊಂದು ಕಡೆಗೆ ಒಯ್ಯುತ್ತದೆ. ನಾನು ಇವತ್ತು ಹೇಳುವುದೆಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟಿದ್ದು.

ಸಮುದ್ರವಿಲ್ಲದ ಜಿಲ್ಲೆಯಲ್ಲಿ ಯಾಟಿನ ಮಾತು ಏಕೆ ಎಂದು ಬರುವಾಗ ಬಾಗಿಲಲ್ಲೇ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ನಮ್ಮ ಸುತ್ತಲಿನ ನೀರನ್ನು ಒಮ್ಮೆ ನೋಡಿ. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಅದರ ಹಿನ್ನೀರು ಹಳೇ ಬಾಗಲಕೋಟೆಯ ಅಂಚಿಗೆ ಬಂದು ನಿಲ್ಲುತ್ತದೆ. ಕೆಳಗೆ ನಾರಾಯಣಪುರದ ಬಸವ ಸಾಗರವಿದೆ. ಬೆಳಗಾವಿ ಜಿಲ್ಲೆಯಲ್ಲಿ ಹಿಡಕಲ್ ಇದೆ, ನವಿಲುತೀರ್ಥವಿದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಹೆಸರಿಸಿದ 111 ಜಲಮಾರ್ಗಗಳಲ್ಲಿ ಭೀಮಾ, ಘಟಪ್ರಭಾ, ಮಲಪ್ರಭಾ ಮೂರೂ ಇವೆ. ಇನ್ನೊಂದು ಕಾರಣ ಹೊಟ್ಟೆಪಾಡಿನದು. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾದ ಮಾಂಡೋವಿ ಹೊಳೆಯ ದಂಡೆ ದೂರವಿಲ್ಲ. ನಮ್ಮ ಹುಡುಗರು ಗೋವಾಕ್ಕೆ ಹೋಗಿ ಕಟ್ಟಡದ ಕೆಲಸ ಮಾಡುತ್ತಾರೆ, ಹೋಟೆಲುಗಳಲ್ಲಿ ದುಡಿಯುತ್ತಾರೆ. ಅದೇ ಊರಿನ ನೀರಿನಲ್ಲಿ ತೇಲುವ ಯಾಟುಗಳನ್ನು ನಡೆಸುವ ಕೆಲಸವೂ ತಮ್ಮದಾಗಬಹುದು ಎಂಬ ವಿಚಾರ ಅವರ ತಲೆಗೆ ಬರುವುದೇ ಇಲ್ಲ. ನಾನು ಕೃಷ್ಣೆಯ ದಂಡೆಯಲ್ಲಿ ಬೆಳೆದವನು, ಗೋವಾ ಮತ್ತು ಮುಂಬೈಯಲ್ಲಿ ಇಂಥ ದೋಣಿಗಳನ್ನು ನಡೆಸಿದವನು. ಈ ಕೆಲಸ ನಮ್ಮವರಿಗೆ ಚೆನ್ನಾಗಿ ಒಲಿಯುತ್ತದೆ ಎಂಬ ನಂಬಿಕೆ ನನಗಿದೆ, ಅದಕ್ಕೇ ಬಂದಿದ್ದೇನೆ.

ಮೊದಲು ದೋಣಿಯ ಪರಿಚಯ ಮಾಡಿಕೊಳ್ಳೋಣ. ನಾನು ಮಾತನಾಡುತ್ತಿರುವುದು ಹನ್ನೆರಡರಿಂದ ಹದಿನೈದು ಮೀಟರ್ ಉದ್ದದ ಮೋಟಾರ್ ಯಾಟಿನ ಬಗ್ಗೆ. ಹದಿನೈದು ಮೀಟರಿನದು ಇಪ್ಪತ್ತು ಟನ್ ಆಸುಪಾಸು ತೂಗುತ್ತದೆ. ಅದರ ಹೊಟ್ಟೆಯಲ್ಲಿ ಎರಡು ಡೀಸೆಲ್ ಎಂಜಿನ್‌ಗಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಪ್ರತಿ ಎಂಜಿನ್ನಿಗೂ ತನ್ನದೇ ಗೇರ್‌ಬಾಕ್ಸ್, ಹಿಂದಕ್ಕೆ ಚಾಚಿದ ತನ್ನದೇ ಶಾಫ್ಟ್, ಅದರ ತುದಿಗೆ ಪ್ರೊಪೆಲ್ಲರ್, ಪ್ರೊಪೆಲ್ಲರಿನ ಹಿಂದೆ ಒಂದು ಚುಕ್ಕಾಣಿ ಹಲಗೆ. ನಡೆಸುವವನ ಕೈಗೆ ಸಿಗುವುದು ಒಂದು ಸ್ಟಿಯರಿಂಗ್ ಚಕ್ರ ಮತ್ತು ಎರಡು ಹಿಡಿಕೆಗಳು. ಹಿಡಿಕೆ ನೆಟ್ಟಗೆ ನಿಂತಿದ್ದರೆ ನ್ಯೂಟ್ರಲ್. ಸ್ವಲ್ಪ ಮುಂದಕ್ಕೆ ತಳ್ಳಿದರೆ ಟಕ್ ಎಂದು ಮುಂದಿನ ಗೇರ್ ಬೀಳುತ್ತದೆ, ಹಿಂದಕ್ಕೆ ಎಳೆದರೆ ರಿವರ್ಸ್. ಅಲ್ಲಿಂದ ಇನ್ನೂ ತಳ್ಳಿದರೆ ಎಂಜಿನ್ನಿನ ವೇಗ ಏರುತ್ತದೆ. ದೋಣಿಯ ಮುಂದಿನ ಚೂಪು ಭಾಗವನ್ನು ಮೂತಿ ಎನ್ನೋಣ, ಹಿಂದಿನದನ್ನು ಹಿಂಬದಿ ಎನ್ನೋಣ. ಹಡಗಿನವರು ಎಡಕ್ಕೆ ಪೋರ್ಟ್ ಎನ್ನುತ್ತಾರೆ, ಬಲಕ್ಕೆ ಸ್ಟಾರ್‌ಬೋರ್ಡ್. ಕೆಲಸಕ್ಕೆ ಸೇರುವವರು ಆ ಎರಡನ್ನೂ ಕಲಿಯಲೇಬೇಕು. ಇವತ್ತಿಗೆ ನಮಗೆ ಎಡಬಲ ಸಾಕು.

ಟ್ರ್ಯಾಕ್ಟರ್ ನಡೆಸುವವರಿಗೆ ಮುಂದಿನ ಮಾತು ಬೇಗ ಹತ್ತುತ್ತದೆ. ಹೊಲದ ಬದುವಿನ ಬಳಿ ಟ್ರ್ಯಾಕ್ಟರನ್ನು ಗಿರಕ್ಕನೆ ತಿರುಗಿಸಬೇಕಾದಾಗ ಏನು ಮಾಡುತ್ತೀರಿ? ಎಡ ಬಲ ಬ್ರೇಕುಗಳ ನಡುವಿನ ಕೊಂಡಿ ಬಿಚ್ಚಿಕೊಂಡು ಒಳಗಿನ ಚಕ್ರದ ಬ್ರೇಕ್ ಒಂದನ್ನೇ ತುಳಿಯುತ್ತೀರಿ. ಒಳಚಕ್ರ ನಿಲ್ಲುತ್ತದೆ, ಹೊರಚಕ್ರ ಸುತ್ತುತ್ತದೆ, ಇಡೀ ಟ್ರ್ಯಾಕ್ಟರ್ ನಿಂತ ಜಾಗದ ಸುತ್ತಲೇ ಹೊರಳುತ್ತದೆ. ಎರಡು ಎಂಜಿನ್‌ಗಳ ಯಾಟ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎಡ ಎಂಜಿನ್ನನ್ನು ಮುಂದಕ್ಕೆ, ಬಲ ಎಂಜಿನ್ನನ್ನು ರಿವರ್ಸಿಗೆ ಹಾಕಿದರೆ ಮೂತಿ ಬಲಕ್ಕೆ ತಿರುಗುತ್ತದೆ, ದೋಣಿ ತನ್ನ ಉದ್ದದಷ್ಟು ಜಾಗದಲ್ಲಿಯೇ ಒಂದು ಸುತ್ತು ಹೊರಳುತ್ತದೆ. ಸ್ಟಿಯರಿಂಗ್ ಚಕ್ರವನ್ನು ಮುಟ್ಟುವ ಅಗತ್ಯವೇ ಇಲ್ಲ.

ಹೀಗೆ ಹೊರಳುವುದರಲ್ಲಿ ಪ್ರೊಪೆಲ್ಲರ್ ತಿರುಗುವ ದಿಕ್ಕಿನದೂ ಒಂದು ಪಾಲಿದೆ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ, ಏಕೆಂದರೆ ಇದು ಅರ್ಥವಾದರೆ ದೋಣಿಯ ಅರ್ಧ ನಡವಳಿಕೆ ಅರ್ಥವಾದಂತೆ. ಪ್ರೊಪೆಲ್ಲರ್ ದೋಣಿಯನ್ನು ಮುಂದೆ ಹಿಂದೆ ತಳ್ಳುವುದರ ಜೊತೆಗೆ ಹಿಂಬದಿಯನ್ನು ಒಂದು ಪಕ್ಕಕ್ಕೂ ಸ್ವಲ್ಪ ಎಳೆಯುತ್ತದೆ. ಮುಂದಕ್ಕೆ ಹೋಗುವಾಗ ಇದು ಅಷ್ಟಾಗಿ ತಿಳಿಯುವುದಿಲ್ಲ, ರಿವರ್ಸಿನಲ್ಲಿ ಕಣ್ಣಿಗೆ ಹೊಡೆಯುವಷ್ಟು ಕಾಣುತ್ತದೆ. ಹಿಂದೆ ನಿಂತು ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿ ದೋಣಿಯನ್ನು ಮುಂದಕ್ಕೆ ಒಯ್ಯುವುದು ಬಲಗೈ ಪ್ರೊಪೆಲ್ಲರ್. ಅದನ್ನು ರಿವರ್ಸಿಗೆ ಹಾಕಿದರೆ ಹಿಂಬದಿ ಎಡಕ್ಕೆ ಸರಿಯುತ್ತದೆ. ಎರಡು ಎಂಜಿನ್‌ಗಳ ಯಾಟುಗಳಲ್ಲಿ ಸಾಮಾನ್ಯವಾಗಿ ಬಲಕ್ಕೆ ಬಲಗೈ ಪ್ರೊಪೆಲ್ಲರ್, ಎಡಕ್ಕೆ ಎಡಗೈ ಪ್ರೊಪೆಲ್ಲರ್ ಕೂರಿಸಿರುತ್ತಾರೆ. ಎರಡನ್ನೂ ಒಟ್ಟಿಗೆ ರಿವರ್ಸಿಗೆ ಹಾಕಿದಾಗ ಒಂದರ ಎಳೆತವನ್ನು ಇನ್ನೊಂದು ಕಳೆಯುತ್ತದೆ, ದೋಣಿ ನೆಟ್ಟಗೆ ಹಿಂದಕ್ಕೆ ಬರುತ್ತದೆ. ಒಂದು ಮುಂದಕ್ಕೆ, ಒಂದು ರಿವರ್ಸಿನಲ್ಲಿದ್ದಾಗ ಎರಡರ ಎಳೆತವೂ ಒಂದೇ ಕಡೆಗೆ ಕೂಡಿ ತಿರುವಿಗೆ ನೆರವಾಗುತ್ತದೆ. ಕಟ್ಟಿದವರು ಬಹಳ ಯೋಚಿಸಿ ಮಾಡಿದ ಜೋಡಣೆ ಇದು. ಇದನ್ನು ನೆನೆದಾಗಲೆಲ್ಲ ಆ ಎಂಜಿನಿಯರುಗಳ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ಒಂದು ಎಚ್ಚರಿಕೆ. ಪ್ರೊಪೆಲ್ಲರಿನ ರೆಕ್ಕೆಗಳನ್ನು ಮುಂದಕ್ಕೆ ತಳ್ಳಲೆಂದೇ ತಿರುಚಿರುತ್ತಾರೆ. ಆದ್ದರಿಂದ ಒಂದೇ ವೇಗದಲ್ಲಿ ತಿರುಗಿದರೂ ಮುಂದಿನ ತಳ್ಳುವಿಕೆಗಿಂತ ರಿವರ್ಸಿನ ಎಳೆತ ಕಡಿಮೆ. ನಿಂತಲ್ಲೇ ಹೊರಳಿಸುತ್ತೇನೆ ಎಂದು ಎರಡೂ ಹಿಡಿಕೆಗಳನ್ನು ಸಮನಾಗಿ ಇಟ್ಟು ಕುಳಿತರೆ ದೋಣಿ ಹೊರಳುತ್ತಾ ಹೊರಳುತ್ತಾ ಮೆಲ್ಲಗೆ ಮುಂದಕ್ಕೆ ತೆವಳುತ್ತದೆ. ಆಗ ಮುಂದಿನ ಗೇರಿನಲ್ಲಿರುವ ಎಂಜಿನ್ನನ್ನು ಒಂದೆರಡು ಕ್ಷಣ ನ್ಯೂಟ್ರಲಿಗೆ ತನ್ನಿ, ರಿವರ್ಸಿನದು ಕೆಲಸ ಮಾಡಲಿ, ತೆವಳುವುದು ನಿಲ್ಲುತ್ತದೆ.

ಈಗ ಕಲಿಯುವವರಿಗೆ ಅತ್ಯಂತ ಕಷ್ಟವಾಗುವ ಪಾಠಕ್ಕೆ ಬರುತ್ತೇನೆ. ಜೆಟ್ಟಿಯ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಹತ್ತಿರ ಸ್ಟಿಯರಿಂಗ್ ಚಕ್ರವನ್ನು ನಡುವಿಗೆ ತಂದು ಬಿಟ್ಟುಬಿಡಿ. ಈ ದೋಣಿಗಳ ಚುಕ್ಕಾಣಿ ಹಲಗೆಗಳು ವೇಗದ ಓಟಕ್ಕೆಂದು ಚಿಕ್ಕದಾಗಿ ಮಾಡಿದವು. ನಿಧಾನ ಚಲನೆಯಲ್ಲಿ ಅವಕ್ಕೆ ಬಲವಿಲ್ಲ. ರಿವರ್ಸಿನಲ್ಲಂತೂ ಪ್ರೊಪೆಲ್ಲರ್ ತಳ್ಳಿದ ನೀರು ಹಲಗೆಯ ಕಡೆಗೆ ಹೋಗುವುದೇ ಇಲ್ಲ. ಹೀಗಿರುವಾಗ ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯಿಂದ ಹಿಡಿಕೆ ಆಡಿಸಿದರೆ ದೋಣಿ ಯಾವುದರ ಮಾತು ಕೇಳುತ್ತಿದೆ ಎಂದು ನಿಮಗೇ ತಿಳಿಯದಾಗುತ್ತದೆ. ಚಕ್ರ ನಡುವಿಗೆ, ಎರಡೂ ಕೈ ಹಿಡಿಕೆಗಳ ಮೇಲೆ. ಮುಂದಿನದೆಲ್ಲ ಗೇರುಗಳಿಂದಲೇ ಆಗಬೇಕು.

ಗೇರುಗಳಿಂದ ಎಂದೆ, ವೇಗದಿಂದ ಎನ್ನಲಿಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿಯೇ ಇರಬೇಕು. ನಿಮಿಷಕ್ಕೆ 600ರಿಂದ 700 ಸುತ್ತು, ಅಷ್ಟೇ. ಅಷ್ಟಕ್ಕೇ ಎರಡೂ ಎಂಜಿನ್ ಗೇರಿನಲ್ಲಿದ್ದರೆ ಅನೇಕ ಯಾಟುಗಳು 5 ನಾಟ್ ಆಸುಪಾಸು ಓಡುತ್ತವೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಜೆಟ್ಟಿಯ ಬಳಿ ಐದು ನಾಟ್ ಎನ್ನುವುದು ಭಯಂಕರ ವೇಗ. ಆದ್ದರಿಂದ ಒಂದು ಎಂಜಿನ್ನನ್ನು ಎರಡು ಕ್ಷಣ ಗೇರಿಗೆ ಹಾಕುವುದು, ತೆಗೆಯುವುದು, ಕಾಯುವುದು. ನೋಡುವುದು. ಮತ್ತೆ ಬೇಕಾದರೆ ಹಾಕುವುದು. ಈ ಕಾಯುವಿಕೆಯಲ್ಲಿ ಜೀವ ಬಾಯಿಗೆ ಬರುತ್ತದೆ ಎಂದು ನನಗೆ ಗೊತ್ತು. ಇಪ್ಪತ್ತು ಟನ್ನಿನ ವಸ್ತು ನೀವು ಹೇಳಿದ ಕೂಡಲೇ ಹೊರಡುವುದಿಲ್ಲ. ಹೊರಡಲಿಲ್ಲ ಎಂದು ಇನ್ನಷ್ಟು ತಳ್ಳಿದರೆ, ಎರಡು ಸಲ ಕೊಟ್ಟ ಬಲವೂ ಒಟ್ಟಿಗೆ ಬಂದು ದೋಣಿ ಹಾರುತ್ತದೆ. ಆಗ ಗಾಬರಿಯಿಂದ ಪೂರ್ತಿ ರಿವರ್ಸ್ ಎಳೆಯುತ್ತಾರೆ, ಗೇರ್‌ಬಾಕ್ಸ್ ಕಿರುಚುತ್ತದೆ. ಮುಂದಿನ ಗೇರಿನಿಂದ ರಿವರ್ಸಿಗೆ ಹೋಗುವಾಗ ನ್ಯೂಟ್ರಲಿನಲ್ಲಿ ಎರಡು ಮೂರು ಸೆಕೆಂಡ್ ನಿಲ್ಲಿಸಲೇಬೇಕು.

ವೇಗದ ಲೆಕ್ಕವನ್ನು ಒಮ್ಮೆ ಕೂಡಿ ಕಳೆದು ನೋಡೋಣ. ಇಪ್ಪತ್ತು ಟನ್ ಯಾಟ್ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ, ಅಂದರೆ 2 ನಾಟ್‌ನಷ್ಟು ವೇಗದಲ್ಲಿ ಬರುತ್ತಿದೆ ಎನ್ನಿ. ಸುಮ್ಮನೆ ಅಡ್ಡಾಡುವ ಮನುಷ್ಯನ ನಡಿಗೆ ಅದು. ಆದರೆ ಆ ದೋಣಿಯಲ್ಲಿರುವ ಶಕ್ತಿ 10,000 ಜೌಲ್. ಒಂದು ಟನ್ ಭಾರವನ್ನು ಒಂದು ಮೀಟರ್ ಎತ್ತರದಿಂದ ಕೆಳಗೆ ಬಿಟ್ಟರೆ ಬೀಳುವ ಪೆಟ್ಟಿನ ಶಕ್ತಿಯೂ ಹೆಚ್ಚು ಕಡಿಮೆ ಅಷ್ಟೇ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಪೆಟ್ಟು ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ಏಕೆ ಹೇಳುತ್ತೇನೆಂದರೆ, ದೋಣಿ ಹತ್ತಿರ ಬಂದಾಗ ಅದನ್ನು ಕಾಲಿನಿಂದ ಒದ್ದು ತಡೆಯಲು ಮುಂದಾಗುವ ಹುಡುಗರು ಎಲ್ಲ ಜೆಟ್ಟಿಗಳಲ್ಲೂ ಇದ್ದಾರೆ. ಗಟ್ಟಿಮುಟ್ಟಾದ ಹುಡುಗರು, ಧೈರ್ಯವಂತರು, ನೆರವಾಗಬೇಕೆಂಬ ಮನಸ್ಸಿನವರು. ದೋಣಿಗೂ ಜೆಟ್ಟಿಗೂ ನಡುವೆ ಕೈ ಕಾಲು ಇಡಬೇಡಿ. ಫೆಂಡರ್ ಇರುವುದು ಅದಕ್ಕೆ, ಗಾಳಿ ತುಂಬಿದ ಆ ರಬ್ಬರ್ ಬುರುಡೆ ಹಾಳಾದರೆ ಇನ್ನೊಂದು ಸಿಗುತ್ತದೆ. ನಿಮ್ಮ ಕೈಕೆಳಗೆ ಕೆಲಸ ಮಾಡುವ ತಮ್ಮಂದಿರಿಗೆ ಇದನ್ನು ದಿನವೂ ಹೇಳಿ.

ಇನ್ನು ದೋಣಿ ಎಲ್ಲಿಂದ ತಿರುಗುತ್ತದೆ ಎಂಬುದು. ಕಾರು ತಿರುಗುವಾಗ ಮುಂದಿನ ಚಕ್ರ ದಾರಿ ತೋರುತ್ತದೆ, ಹಿಂದಿನದು ಹಿಂಬಾಲಿಸುತ್ತದೆ. ದೋಣಿ ಹಾಗಲ್ಲ. ಮುಂದಕ್ಕೆ ಹೋಗುತ್ತಿರುವ ದೋಣಿ ತನ್ನ ಮೂತಿಯಿಂದ ಸುಮಾರು ಮೂರನೇ ಒಂದು ಭಾಗ ಹಿಂದೆ ಇರುವ ಒಂದು ಬಿಂದುವಿನ ಸುತ್ತ ತಿರುಗುತ್ತದೆ. ಹದಿನೈದು ಮೀಟರಿನ ದೋಣಿಯಲ್ಲಿ ಆ ಬಿಂದುವಿನ ಮುಂದೆ ಐದು ಮೀಟರ್, ಹಿಂದೆ ಹತ್ತು ಮೀಟರ್. ಮೂತಿ ಸ್ವಲ್ಪ ಬಲಕ್ಕೆ ಸರಿದರೆ ಹಿಂಬದಿ ಅದರ ಎರಡರಷ್ಟು ಎಡಕ್ಕೆ ಬೀಸುತ್ತದೆ. ಎಡಬದಿ ಜೆಟ್ಟಿಗೆ ತಾಗಿ ನಿಂತಿರುವ ದೋಣಿಯನ್ನು ಹೊರಡಿಸುವಾಗ ಕಾರಿನಂತೆ ಬಲಕ್ಕೆ ತಿರುಗಿಸಿ ಮುಂದೆ ಹೋದರೆ ಹಿಂಬದಿ ಜೆಟ್ಟಿಯ ಕಲ್ಲಿಗೆ ಉಜ್ಜುವುದು ಖಂಡಿತ. ರಿವರ್ಸಿನಲ್ಲಿ ಆ ಬಿಂದು ಹಿಂಬದಿಯ ಹತ್ತಿರಕ್ಕೆ ಸರಿಯುತ್ತದೆ, ಆಗ ಬೀಸುವುದು ಮೂತಿ. ಹೊಸಬರ ಕಣ್ಣು ಯಾವಾಗಲೂ ಮೂತಿಯ ಮೇಲೆಯೇ ಇರುತ್ತದೆ. ಕುತ್ತಿಗೆ ತಿರುಗಿಸಿ ಹಿಂದೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಈಗ ಗಾಳಿ. ಈ ವಿಷಯದ ಮೇಲೆ ನಾನು ಇಡೀ ಸಂಜೆ ಮಾತನಾಡಬಲ್ಲೆ, ಸಂಘಟಕರು ಗಡಿಯಾರ ನೋಡುತ್ತಿದ್ದಾರೆ, ಆದರೂ ಇದನ್ನು ಅವಸರದಲ್ಲಿ ಮುಗಿಸಲು ನನಗೆ ಇಷ್ಟವಿಲ್ಲ. ಮೋಟಾರ್ ಯಾಟ್ ನೀರಿನ ಮೇಲೆ ಎತ್ತರ, ನೀರಿನ ಕೆಳಗೆ ಕಡಿಮೆ ಆಳ. ಮೇಲೆ ಕ್ಯಾಬಿನ್, ಅದರ ಮೇಲೆ ಫ್ಲೈಬ್ರಿಜ್, ಅಂದರೆ ಮಾಳಿಗೆಯಂಥ ತೆರೆದ ಅಟ್ಟ. ಗಾಳಿ ಹಿಡಿಯಲು ಇಷ್ಟು ಮೈ ಇರುವಾಗ ಪಕ್ಕಕ್ಕೆ ಜಾರದಂತೆ ತಡೆಯಲು ಕೆಳಗೆ ಏನೂ ಇಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವಿಕೆ ನಾಲ್ಕು ಪಟ್ಟಾಗುತ್ತದೆ. ಹತ್ತು ನಾಟ್ ಗಾಳಿಯಲ್ಲಿ ನೀಟಾಗಿ ದೋಣಿ ಕಟ್ಟಿದವರು ಇಪ್ಪತ್ತು ನಾಟ್ ಗಾಳಿಗೆ ತಬ್ಬಿಬ್ಬಾಗುವುದು ಇದಕ್ಕೇ. ಇನ್ನೊಂದು ಗುಣವಿದೆ. ಎಂಜಿನ್‌ಗಳನ್ನು ಗೇರಿನಿಂದ ತೆಗೆದು ಸುಮ್ಮನೆ ಬಿಟ್ಟರೆ ಇಂಥ ದೋಣಿಯ ಮೂತಿಯನ್ನು ಗಾಳಿ ದೂಡಿಕೊಂಡು ಹೋಗುತ್ತದೆ. ಹಿಂಬದಿ ಭಾರ, ಪ್ರೊಪೆಲ್ಲರು ಶಾಫ್ಟುಗಳೆಲ್ಲ ಅಲ್ಲೇ ನೀರಿಗಿಳಿದಿರುತ್ತವೆ, ಆದ್ದರಿಂದ ಹಿಂಬದಿಯೇ ನಿಧಾನವಾಗಿ ಗಾಳಿಯ ಕಡೆಗೆ ತಿರುಗಿ ನಿಲ್ಲುತ್ತದೆ. ಜೆಟ್ಟಿ ಖಾಲಿಯಾಗಲೆಂದು ಕಾಯಬೇಕಾದರೆ ಹಿಂಬದಿಯನ್ನು ಗಾಳಿಗೆ ಕೊಟ್ಟು, ಆಗಾಗ ಎರಡೂ ಎಂಜಿನ್‌ಗಳಿಗೆ ಒಂದೊಂದು ಚೂರು ರಿವರ್ಸ್ ಕೊಡುತ್ತಾ ನಿಂತರೆ ದೋಣಿ ಸಮಾಧಾನದಿಂದ ಇರುತ್ತದೆ. ಮೂತಿಯನ್ನು ಗಾಳಿಗೆ ಒಡ್ಡಿ ನಿಲ್ಲಿಸಲು ಹೊರಟರೆ ಕ್ಷಣಕ್ಷಣಕ್ಕೂ ಹೋರಾಟ.

ನಮ್ಮ ಹಿನ್ನೀರಿನ ಗಾಳಿಯನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಜೂನ್ ಬಂತೆಂದರೆ ಪಡುವಣದ ಗಾಳಿ ಹಗಲೆಲ್ಲ ಬೀಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ತನಕ ಎಲೆ ಅಲುಗುವುದಿಲ್ಲ, ಮೂರು ಗಂಟೆಯ ಮೇಲೆ ಮೋಡ ಕವಿದು ಮಳೆಗೆ ಮುಂಚೆ ಒಮ್ಮೆಲೇ ಬಿರುಗಾಳಿ ನುಗ್ಗುತ್ತದೆ. ದಂಡೆಯ ಜಾಲಿ ಗಿಡ ಯಾವ ಕಡೆಗೆ ಬಾಗಿದೆ, ನೀರಿನ ಮೇಲೆ ಕಪ್ಪು ಪಟ್ಟೆ ಯಾವ ಕಡೆಯಿಂದ ಓಡಿಬರುತ್ತಿದೆ ಎಂದು ನೋಡಿ ಗಾಳಿಯ ಸುದ್ದಿ ಹೇಳುವವರು ಇಲ್ಲಿಯೇ ಕುಳಿತಿದ್ದಾರೆ. ಯಾಟಿನ ಸ್ಕಿಪ್ಪರ್, ಅಂದರೆ ಅದನ್ನು ನಡೆಸುವವನು, ಮಾಡುವುದೂ ಅದನ್ನೇ. ಜೆಟ್ಟಿಯ ಮೇಲಿನ ಬಾವುಟ ನೋಡುತ್ತಾನೆ, ಲಂಗರು ಹಾಕಿದ ಬೇರೆ ದೋಣಿಗಳ ಮೂತಿ ಎತ್ತ ನೋಡುತ್ತಿದೆ ಎಂದು ಗಮನಿಸುತ್ತಾನೆ.

ಸೆಳವಿನ ವಿಷಯವೂ ಹೀಗೆಯೇ. ರಬಕವಿಯ ಕಡೆಯಿಂದ ಮಹಿಷವಾಡಗಿಗೆ ದೋಣಿಯಲ್ಲಿ ಕೃಷ್ಣೆ ದಾಟಿದವರು ಕೈ ಎತ್ತಿ. ನೋಡಿ, ಎಷ್ಟೊಂದು ಕೈಗಳು! ಹೊಳೆ ಹರಿಯುತ್ತಿರುವಾಗ ಅಂಬಿಗ ಎದುರು ದಂಡೆಗೆ ನೇರವಾಗಿ ಮೂತಿ ಇಡುವುದಿಲ್ಲ. ಮೇಲ್ಮುಖವಾಗಿ, ಓರೆಯಾಗಿ ಹೊರಡುತ್ತಾನೆ. ಮೂತಿ ಮೇಲ್ದಿಕ್ಕಿಗೆ, ದೋಣಿ ಮಾತ್ರ ಅಡ್ಡಡ್ಡ ಸಾಗುತ್ತದೆ, ಇಳಿಯಬೇಕಾದ ಕಟ್ಟೆಗೇ ಹೋಗಿ ಸೇರುತ್ತದೆ. ಇಂಗ್ಲೆಂಡಿನ ನಾವಿಕ ಶಾಲೆಗಳಲ್ಲಿ ಹಣ ಕೊಟ್ಟು ಕಲಿಯುವ ಪಾಠ ಇದೇ. ಮಾಂಡೋವಿಯಲ್ಲಿ ಇಳಿತದ ಹೊತ್ತಿಗೆ ನೀರು ಸಮುದ್ರದ ಕಡೆಗೆ ಸೆಳೆಯುವಾಗ ನಾನು ಯಾಟನ್ನು ಜೆಟ್ಟಿಗೆ ತರುವುದು ಹೀಗೆಯೇ. ಮೂತಿಯನ್ನು ಸೆಳವಿಗೆ ಎದುರಾಗಿಟ್ಟು, ಸೆಳವಿನಷ್ಟೇ ವೇಗ ಕೊಟ್ಟರೆ ದೋಣಿ ದಂಡೆಗೆ ಹೋಲಿಸಿದರೆ ನಿಂತಂತೆಯೇ ಇರುತ್ತದೆ. ಮೂತಿಯನ್ನು ಸ್ವಲ್ಪ ಜೆಟ್ಟಿಯ ಕಡೆಗೆ ಓರೆ ಮಾಡಿದರೆ ಸೆಳವೇ ಅದನ್ನು ಪಕ್ಕಕ್ಕೆ ತಳ್ಳಿ ತರುತ್ತದೆ. ಸೆಳವಿನ ಜೊತೆಗೆ ಬರುವವರಿಗೆ ಈ ಸೌಕರ್ಯವಿಲ್ಲ. ಅವರು ನಿಲ್ಲಬೇಕೆಂದರೂ ನೀರು ಬಿಡುವುದಿಲ್ಲ. ಗಾಳಿಯೂ ಸೆಳವೂ ಬೇರೆ ಬೇರೆ ದಿಕ್ಕಿನಲ್ಲಿದ್ದರೆ ಯಾವುದು ಬಲವಾಗಿದೆಯೋ ಅದಕ್ಕೆ ಎದುರಾಗಿ ಬನ್ನಿ.

ಸಮುದ್ರದಲ್ಲಿ ಇನ್ನೊಂದು ತೊಡಕು ಉಬ್ಬರವಿಳಿತದ್ದು. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ 4 ಮೀಟರ್ ದಾಟುತ್ತದೆ. ಬೆಳಿಗ್ಗೆ ಬಿಗಿಯಾಗಿ ಕಟ್ಟಿದ ಹಗ್ಗಕ್ಕೆ ಮಧ್ಯಾಹ್ನ ದೋಣಿ ನೇತಾಡುವ ಪ್ರಸಂಗ ಬರಬಹುದು. ಆಲಮಟ್ಟಿಯಲ್ಲಿ ಉಬ್ಬರವಿಲ್ಲ, ಆದರೆ ನಮ್ಮ ನೀರಿನ ಮಟ್ಟವೂ ನಿಂತಲ್ಲಿ ನಿಲ್ಲುವಂಥದ್ದಲ್ಲ. ಮಳೆಗಾಲದಲ್ಲಿ ಇಪ್ಪತ್ತಾರು ಗೇಟುಗಳ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗಿನ ಹೊಳೆಯ ಸೆಳವೇ ಬೇರೆಯಾಗುತ್ತದೆ. ಬೇಸಿಗೆಗೆ ಹಿನ್ನೀರು ಸರಿಯುತ್ತಾ ಹೋದಂತೆ ಮುಳುಗಿದ ಗೋಡೆಗಳು, ಬೋಳು ಮರಗಳು, ಹಳೆಯ ರಸ್ತೆಯ ಕಲ್ಲುಗಳು ಮೇಲ್ಮೈಗೆ ಹತ್ತಿರವಾಗುತ್ತವೆ. ಆ ಗೋಡೆಗಳ ನಡುವೆ ಬಾಳಿ ನವನಗರಕ್ಕೆ ಎದ್ದುಬಂದ ಮನೆಗಳವರು ಇಲ್ಲಿದ್ದೀರಿ. ಯಾವ ಓಣಿ ಎಲ್ಲಿತ್ತು, ಯಾವ ಗುಡಿಯ ಕಟ್ಟೆ ಎಷ್ಟು ಎತ್ತರವಿತ್ತು ಎಂದು ನಿಮ್ಮ ಹಿರಿಯರಿಗೆ ನೆನಪಿದೆ. ದೋಣಿ ನಡೆಸುವ ಹುಡುಗರು ಅವರ ಬಳಿ ಕುಳಿತು ಅದನ್ನು ಕೇಳಿ ಬರೆದುಕೊಳ್ಳಬೇಕು ಎಂದು ನನ್ನ ಬಹಳ ದಿನದ ಆಸೆ. ಎರಡು ಪ್ರೊಪೆಲ್ಲರುಗಳ ದೋಣಿಗೆ ಇದು ಇನ್ನೂ ಮುಖ್ಯ. ಒಂದೇ ಪ್ರೊಪೆಲ್ಲರ್ ಇದ್ದರೆ ಅದು ದೋಣಿಯ ನಡುಬೆನ್ನಿನ ಹಿಂದೆ ಸ್ವಲ್ಪ ರಕ್ಷಣೆಯಲ್ಲಿರುತ್ತದೆ. ಎರಡಿದ್ದಾಗ ಎರಡೂ ಪಕ್ಕಕ್ಕೆ ಸರಿದು ಬಯಲಿನಲ್ಲಿರುತ್ತವೆ. ಕಲ್ಲೋ ಬೊಡ್ಡೆಯೋ ಮೊದಲು ಸಿಗುವುದು ಅವಕ್ಕೇ.

ಈಗ ಇದನ್ನೆಲ್ಲ ಕೂಡಿಸಿ ಒಂದು ಸಲ ದೋಣಿಯನ್ನು ಜೆಟ್ಟಿಗೆ ತರೋಣ. ಎಡಬದಿಯನ್ನು ಜೆಟ್ಟಿಗೆ ತಾಗಿಸಬೇಕು ಎಂದುಕೊಳ್ಳಿ. ದೂರದಲ್ಲಿರುವಾಗಲೇ ಎಡಬದಿಗೆ ಫೆಂಡರುಗಳನ್ನು ಇಳಿಬಿಡಿ, ಹಗ್ಗಗಳನ್ನು ಸುರುಳಿ ಬಿಚ್ಚಿ ಸಿದ್ಧ ಮಾಡಿ, ಯಾರು ಯಾವ ಹಗ್ಗ ಹಿಡಿಯುತ್ತಾರೆ ಎಂದು ಹೆಸರು ಹಿಡಿದು ಹೇಳಿ. ಹತ್ತಿರ ಹೋದ ಮೇಲೆ ಕೂಗಾಡಿದರೆ ಯಾರಿಗೂ ಕೇಳುವುದಿಲ್ಲ, ಕೇಳಿದರೂ ಅರ್ಥವಾಗುವುದಿಲ್ಲ. ಒಮ್ಮೆ ಜೆಟ್ಟಿಯ ಮುಂದೆ ಹಾದು ಹೋಗಿ ಗಾಳಿ ಸೆಳವು ನೋಡಿಕೊಳ್ಳಿ. ಸರಿಹೋಗದಿದ್ದರೆ ಯಾವ ಕಡೆಯಿಂದ ಹೊರಬೀಳುತ್ತೇನೆ ಎಂಬುದನ್ನೂ ಆಗಲೇ ನಿಶ್ಚಯಿಸಿ. ಆಮೇಲೆ ಇಪ್ಪತ್ತು ಮೂವತ್ತು ಡಿಗ್ರಿ ಓರೆಯಲ್ಲಿ, ಮೂತಿ ಜೆಟ್ಟಿಯ ಕಡೆಗೆ ಇಟ್ಟು, ಒಮ್ಮೆ ಎಡ ಎಂಜಿನ್, ಒಮ್ಮೆ ಬಲ ಎಂಜಿನ್ ಗೇರಿಗೆ ಹಾಕುತ್ತಾ ತೆಗೆಯುತ್ತಾ ಬನ್ನಿ. ಮೂತಿ ಎಡಕ್ಕೆ ಹೆಚ್ಚು ಬಾಗಿತೇ, ಎಡ ಎಂಜಿನ್ನಿಗೆ ಎರಡು ಕ್ಷಣ. ಬಲಕ್ಕೆ ಬಾಗಿತೇ, ಬಲ ಎಂಜಿನ್ನಿಗೆ. ಮೂತಿ ಜೆಟ್ಟಿಗೆ ಎರಡು ಮೂರು ಮೀಟರ್ ಇರುವಾಗ ಎರಡನ್ನೂ ನ್ಯೂಟ್ರಲಿಗೆ ತನ್ನಿ.

ಈಗ ಹೊರಗಿನ ಎಂಜಿನ್ನನ್ನು, ಅಂದರೆ ಬಲಗಡೆಯದನ್ನು ಮಾತ್ರ ರಿವರ್ಸಿಗೆ ಹಾಕಿ. ಒಂದೇ ಹಿಡಿಕೆ ಎರಡು ಕೆಲಸ ಮಾಡುತ್ತದೆ. ಮುಂದಿನ ಓಟವನ್ನು ತಡೆಯುತ್ತದೆ, ಹಿಂಬದಿಯನ್ನು ಎಡಕ್ಕೆ ಎಳೆದು ಜೆಟ್ಟಿಯ ಪಕ್ಕಕ್ಕೆ ತರುತ್ತದೆ. ಸರಿಯಾಗಿ ಬಂದರೆ ದೋಣಿ ನಿಲ್ಲುವುದೂ ಜೆಟ್ಟಿಗೆ ಸಮಾನಾಂತರವಾಗುವುದೂ ಒಂದೇ ಗಳಿಗೆಯಲ್ಲಿ ಆಗುತ್ತದೆ. ಆ ಗಳಿಗೆಯನ್ನು ಅನುಭವಿಸಿದವರಿಗೆ ಈ ಕೆಲಸ ಜೀವನಪೂರ್ತಿ ಬಿಡುವುದಿಲ್ಲ, ಅಷ್ಟು ಸೊಗಸು ಅದರಲ್ಲಿದೆ. ಬರುವ ದಾರಿ ಕೆಟ್ಟಿತು ಎನ್ನಿಸಿದರೆ ಸಂಕೋಚವಿಲ್ಲದೆ ಹೊರಗೆ ಹೋಗಿ ಮತ್ತೆ ಬನ್ನಿ. ದಂಡೆಯಲ್ಲಿ ಎಷ್ಟು ಜನ ನೋಡುತ್ತಿದ್ದರೂ ಸರಿ.

ದೋಣಿ ನಿಂತ ಕೂಡಲೇ ಮೊದಲು ಕಟ್ಟಬೇಕಾದ ಹಗ್ಗ ಯಾವುದು? ಬಹಳ ಮಂದಿ ಮೂತಿಯದು ಎನ್ನುತ್ತಾರೆ. ಮೂತಿಯನ್ನು ಮಾತ್ರ ಕಟ್ಟಿ ಎಳೆದರೆ ಹಿಂಬದಿ ಹೊರಕ್ಕೆ ಬೀಸುತ್ತದೆ. ನಾನು ಕಲಿಸುವವರಿಗೆ ಹೇಳುವುದು ನಡುವಿನ ಹಗ್ಗ. ದೋಣಿಯ ನಡುಭಾಗದ ಕೊಕ್ಕೆಯಿಂದ ಹೊರಟು ಜೆಟ್ಟಿಯಲ್ಲಿ ಹಿಂಬದಿಯ ಹತ್ತಿರದ ಗೂಟಕ್ಕೆ ಹೋಗುವ ಹಗ್ಗ. ಇದನ್ನು ಸ್ಪ್ರಿಂಗ್ ಎನ್ನುತ್ತಾರೆ. ಇದು ಬಿದ್ದ ಮೇಲೆ ಹೊರಗಿನ ಎಂಜಿನ್ನನ್ನು ಮುಂದಿನ ಗೇರಿಗೆ ಹಾಕಿ ಐಡ್ಲಿಂಗ್‌ನಲ್ಲಿ ಬಿಟ್ಟು, ಚಕ್ರವನ್ನು ಅತ್ತಿತ್ತ ಹೊಂದಿಸಿಕೊಂಡರೆ ದೋಣಿ ಜೆಟ್ಟಿಗೆ ಅಂಟಿಕೊಂಡು ನಿಲ್ಲುತ್ತದೆ. ಉಳಿದ ಹಗ್ಗಗಳನ್ನು ಆತುರವಿಲ್ಲದೆ ಕಟ್ಟಬಹುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಗೂಟಕ್ಕೆ ಒಂದು ಸುತ್ತು ಹಾಕಿದರೆ ಭಾರವೆಲ್ಲ ಗೂಟದ್ದು. ಜೆಟ್ಟಿಗೆ ಜಿಗಿಯಲೂಬಾರದು, ಹೆಜ್ಜೆ ಇಟ್ಟು ದಾಟುವಷ್ಟು ಹತ್ತಿರ ತರುವುದು ನಡೆಸುವವನ ಕರ್ತವ್ಯ.

ಗಾಳಿ ದೋಣಿಯನ್ನು ಜೆಟ್ಟಿಗೆ ಒತ್ತಿ ಹಿಡಿದಿರುವಾಗ ಹೊರಡುವುದು ಹೇಗೆ ಎಂದು ಮುಂದಿನ ಸಾಲಿನ ತಂಗಿ ಕೇಳುತ್ತಿದ್ದಾಳೆ. ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಕೋಲು ಹಿಡಿದು ತಳ್ಳಿದರೆ ಇಪ್ಪತ್ತು ಟನ್ ಜರುಗುವುದಿಲ್ಲ. ಮೂತಿಯಿಂದ ಹಿಂದಕ್ಕೆ ಜೆಟ್ಟಿಯ ನಡುವಿನ ಗೂಟಕ್ಕೆ ಹೋಗುವ ಒಂದು ಹಗ್ಗವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಚ್ಚಬೇಕು. ಮೂತಿಯ ಪಕ್ಕಕ್ಕೆ ದಪ್ಪನೆಯ ಫೆಂಡರ್ ಇಟ್ಟು, ಚಕ್ರವನ್ನು ಜೆಟ್ಟಿಯ ಕಡೆಗೆ ತಿರುಗಿಸಿ, ಹೊರಗಿನ ಎಂಜಿನ್ನನ್ನು ಮುಂದಿನ ಗೇರಿಗೆ ಹಾಕಬೇಕು. ಹಗ್ಗ ಮುಂದೆ ಹೋಗಗೊಡುವುದಿಲ್ಲ, ಮೂತಿ ಫೆಂಡರಿಗೆ ಒರಗುತ್ತದೆ, ಹಿಂಬದಿ ಗಾಳಿಯನ್ನು ಸೀಳಿಕೊಂಡು ಹೊರಕ್ಕೆ ತೆರೆಯುತ್ತದೆ. ಸಾಕಷ್ಟು ತೆರೆದ ಮೇಲೆ ಚಕ್ರ ನಡುವಿಗೆ, ನ್ಯೂಟ್ರಲ್, ಹಗ್ಗ ಬಿಚ್ಚಿ ಎರಡೂ ಎಂಜಿನ್ ರಿವರ್ಸ್. ಒಂದು ಹಗ್ಗ ಸರಿಯಾದ ಜಾಗದಲ್ಲಿದ್ದರೆ ನೂರು ಜನರ ಬಲಕ್ಕೆ ಸಮ.

ಈಗಿನ ಅನೇಕ ಯಾಟುಗಳಲ್ಲಿ ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್ ಇದೆ, ಕೆಲವದರಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸುವ ಜಾಯ್‌ಸ್ಟಿಕ್ ಇದೆ. ನಾನು ಅವುಗಳ ವಿರೋಧಿಯಲ್ಲ. ಆದರೆ ಕಲಿಯುವಾಗ ಮುಟ್ಟಬೇಡಿ. ಬ್ಯಾಟರಿಯ ಥ್ರಸ್ಟರನ್ನು ಸತತ ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ತಾನಾಗಿ ನಿಲ್ಲುತ್ತದೆ, ಅದೂ ಅತ್ಯಂತ ಬೇಕಾದ ಹೊತ್ತಿನಲ್ಲಿ.

ಕಲಿಯುವುದು ಎಲ್ಲಿ ಎಂದು ಕೇಳುತ್ತೀರಿ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಅಲ್ಲಿ ಪವರ್‌ಬೋಟ್ ನಡೆಸುವುದನ್ನೂ ಜೀವರಕ್ಷಣೆಯನ್ನೂ ಕಲಿಸುತ್ತಾರೆ. ಮೊದಲು ಚಿಕ್ಕ ದೋಣಿ, ಆಮೇಲೆ ದೊಡ್ಡದು. ಒಳನಾಡಿನ ನೀರಿಗೂ ಈಗ ಕಾನೂನು ಬಿಗಿಯಾಗಿದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ಎಂಜಿನ್ ಇರುವ ನೌಕೆಗೆ ನೋಂದಣಿ, ತಪಾಸಣೆ, ವಿಮೆ, ನಡೆಸುವವರಿಗೆ ಅರ್ಹತೆಯ ಪ್ರಮಾಣಪತ್ರ ಎಲ್ಲವನ್ನೂ ಅದು ಕೇಳುತ್ತದೆ. ಲೈಫ್ ಜಾಕೆಟ್ ಸೀಟಿನ ಕೆಳಗೆ ಇದ್ದರೆ ಇಲ್ಲದಂತೆಯೇ, ಅದು ಮೈಮೇಲೆ ಇರಬೇಕು. ಅಭ್ಯಾಸಕ್ಕೆ ಜೆಟ್ಟಿಯೇ ಬೇಕೆಂದಿಲ್ಲ. ಖಾಲಿ ಡಬ್ಬಿಯೊಂದಕ್ಕೆ ಹಗ್ಗ ಕಟ್ಟಿ, ಕಲ್ಲು ಕಟ್ಟಿ, ನೀರಿನ ನಡುವೆ ಬಿಡಿ. ದೋಣಿಯ ಪಕ್ಕದಲ್ಲಿ ಅದು ಕೈಗೆಟಕುವಷ್ಟು ದೂರದಲ್ಲಿಯೇ ಇರುವಂತೆ ಎರಡು ಹಿಡಿಕೆಗಳಿಂದ ದೋಣಿಯನ್ನು ಹಿಡಿದು ನಿಲ್ಲಿಸಿ. ಗಾಳಿಯಲ್ಲಿ ಮಾಡಿ, ಗಾಳಿಯಿಲ್ಲದಾಗ ಮಾಡಿ, ಎಡಬದಿಗೆ, ಬಲಬದಿಗೆ. ಡಬ್ಬಿಗೆ ಗುದ್ದಿದರೆ ಯಾರಿಗೂ ನಷ್ಟವಿಲ್ಲ.

ಎರಡರಲ್ಲಿ ಒಂದು ಎಂಜಿನ್ ಕೆಟ್ಟರೆ? ಬಲಗಡೆಯದು ಮಾತ್ರ ಓಡುತ್ತಿದೆ ಎನ್ನಿ. ಮುಂದಕ್ಕೆ ಹೋಗುವಾಗ ಮೂತಿ ಎಡಕ್ಕೆ ಜಗ್ಗುತ್ತದೆ, ಚಕ್ರವನ್ನು ಬಲಕ್ಕೆ ಹಿಡಿದು ಸರಿದೂಗಿಸಬೇಕು. ಜೆಟ್ಟಿಗೆ ತರುವಾಗ ಕೆಟ್ಟ ಎಂಜಿನ್ ಜೆಟ್ಟಿಯ ಕಡೆಗೆ ಬರುವಂತೆ ಬದಿ ಆರಿಸಿಕೊಳ್ಳಿ. ಆಗ ಹೊರಗಿನ ಎಂಜಿನ್ ಜೀವಂತವಾಗಿರುತ್ತದೆ, ಅದರ ರಿವರ್ಸ್ ದೋಣಿಯನ್ನು ನಿಲ್ಲಿಸುತ್ತದೆ, ಹಿಂಬದಿಯನ್ನು ಒಳಕ್ಕೆ ತರುತ್ತದೆ.

ಹಿಂದಿನ ಸಾಲಿನಲ್ಲಿ ಕೈ ಎತ್ತಿದ ಕಾಕಾ ಅವರ ಪ್ರಶ್ನೆ: ನಮ್ಮ ಲಾಂಚಿಗೆ ಇರುವುದು ಒಂದೇ ಎಂಜಿನ್, ನಮಗೆ ಇದರಿಂದ ಏನು ಉಪಯೋಗ? ಕಾಕಾ, ಬಹಳ ಇದೆ. ನಾಳೆ ಬೆಳಿಗ್ಗೆ ದಂಡೆಯಿಂದ ದೂರ ಹೋಗಿ ಲಾಂಚನ್ನು ಪೂರ್ತಿ ನಿಲ್ಲಿಸಿ. ಚುಕ್ಕಾಣಿ ನಡುವಿಗಿಟ್ಟು ರಿವರ್ಸ್ ಹಾಕಿ, ಹಿಂಬದಿ ಯಾವ ಕಡೆಗೆ ಹೊರಳುತ್ತದೆ ನೋಡಿ. ಬಲಗೈ ಪ್ರೊಪೆಲ್ಲರ್ ಆಗಿದ್ದರೆ ಎಡಕ್ಕೆ ಹೊರಳುತ್ತದೆ. ಹಾಗಿದ್ದರೆ ಸಾಧ್ಯವಾದಾಗಲೆಲ್ಲ ಎಡಬದಿಯನ್ನು ಕಟ್ಟೆಗೆ ಕೊಡಿ. ಓರೆಯಲ್ಲಿ ಬಂದು ಕೊನೆಗೆ ರಿವರ್ಸ್ ಹಾಕಿದಾಗ ಅದು ತಾನಾಗಿಯೇ ಕಟ್ಟೆಗೆ ಬಂದು ಒರಗುತ್ತದೆ. ಬಲಕ್ಕೆ ಹೊರಳಿದರೆ ಬಲಬದಿ ಕೊಡಿ. ಹತ್ತಿ ಇಳಿಯುವ ಮುದುಕಿಯರಿಗೆ, ಶಾಲೆಯ ಮಕ್ಕಳಿಗೆ ದೋಣಿ ಕುಲುಕದೆ ನಿಲ್ಲುತ್ತದೆ.